“ಹುಷಾರಾಗಿ ಬರ್ತೀನಿ” ಅನ್ನದೆ ಹೊರಟ ಬೆಳಗ್ಗೆ

ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ಸಾರಥಿಗೆ ಅಮ್ಮನ ಅಬ್ಬರದ ಆಶೀರ್ವಾದಗಳು.

“ನಾವು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ” ಎಂಬ ಸಾಲು ಈ ಕಾಗದದಲ್ಲಿ ಇಲ್ಲ. ಮರೆತದ್ದಲ್ಲ. ನಿನ್ನ ಮಗಳು ಚೂಟಿ ಎದುರಿಗೇ ಕಾವಲು ಕೂತಿದ್ದಾಳೆ. ಬರೆದರೆ ಕಾಗದ ಹರಿದುಹಾಕುತ್ತಾಳಂತೆ. ಅವಳ ಡಾಕ್ಟರಮ್ಮ ಕೊಟ್ಟ ಹೋಮ್‌ವರ್ಕ್ ಅದು. ನೀನು ಮನೆಗೆ ಬರುವವರೆಗೆ ಫೋನೂ ಮಾಡಬಾರದಲ್ಲ, ಹಾಗಾಗಿ ನಿಮ್ಮ ಡಿಪೋದಿಂದ ನೀನಿರುವ ಊರಿನ ಕಡೆ ಹೊರಡುವ ಕಂಡಕ್ಟರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಈಗ ಪರದೆ ಏಳಲಿ. ನಿನ್ನೆ ಬೆಳಗ್ಗೆ ನೀನು ಬಾಗಿಲು ಎಳೆದುಕೊಂಡು ಹೋದ ಮೇಲೆ ಒಳಗೆ ನಡೆದ ಅಂಕಕ್ಕೆ ನಾನೊಬ್ಬಳೇ ಪ್ರೇಕ್ಷಕಿ.

ವರ್ಷದಿಂದ ಈ ಮನೆಯಲ್ಲಿ ಆಡಿದ್ದು ಒಂದೇ ದೃಶ್ಯ. ನೀನು ಖಾಕಿ ತೊಟ್ಟು ಹೊಸ್ತಿಲಲ್ಲಿ ನಿಂತು “ಹುಷಾರಾಗಿ ಬರ್ತೀನಿ” ಅನ್ನಬೇಕು. ಸ್ವರ ಸರಿಯಿಲ್ಲವೆಂದು ಅವಳು ಮತ್ತೆ ಹೇಳಿಸಬೇಕು. ಕಣ್ಣು ನೋಡಿ ಹೇಳಲಿಲ್ಲವೆಂದು ಮತ್ತೆ. ನಡುವೆ ನಾನು ಕೆಮ್ಮಿದರೆ ಮೊದಲಿನಿಂದ. ಮಾತು ಸರಿಯಾಗದಿದ್ದರೆ ಅಮ್ಮನ ಬಸ್ಸು ಉರುಳುತ್ತದೆ ಎಂದು ಆ ಮಗುವಿನ ಮನಸ್ಸೇ ಅದಕ್ಕೆ ಚಾಡಿ ಹೇಳುತ್ತಿತ್ತು. ನನ್ನ ನಾಟಕ ಕಂಪನಿಯ ಯಾವ ಮೇಷ್ಟರೂ ಅಷ್ಟು ರಿಹರ್ಸಲ್ ಮಾಡಿಸಿದವರಲ್ಲ. ನೀನು ದಿನಾ ತಡವಾಗಿ, ಮೇಲಿನವರಿಂದ ಉಗಿಸಿಕೊಂಡು, ಕೊನೆಗೆ ಸ್ಟೀರಿಂಗ್ ಬಿಟ್ಟು ಆಫೀಸಿನ ಕುರ್ಚಿ ಕೇಳುತ್ತೇನೆ ಅಂದೆ. ಅಷ್ಟು ಆಸೆಪಟ್ಟು ಹಿಡಿದ ಸ್ಟೀರಿಂಗು.

ಡಾಕ್ಟರಮ್ಮ ಹೇಳಿದ್ದು ನೆನಪಿದೆಯಲ್ಲ: “ಆ ಚಾಡಿ ಜೊತೆ ವಾದ ಬೇಡ, ಅದು ಕೇಳಿದ್ದನ್ನ ಕೊಡೋದೂ ಬೇಡ. ಹೆದರಿಕೆ ಏರ್ಲಿ. ಜೊತೇಲಿ ಕೂತ್ಕೊಳ್ಳಿ, ತಾನಾಗೇ ಇಳಿಯತ್ತೆ.” ಮಗುನ ಅಳಿಸೋದೂ ಒಂದು ಚಿಕಿತ್ಸೆನಾ ಎಂದು ನಾನು ಗುಡುಗಿದೆ. ಆಕೆ ನಕ್ಕು, “ಅವಳನ್ನೇ ಕೇಳಿ ಅಜ್ಜಿ, ಮೆಟ್ಟಿಲು ಆರಿಸ್ಕೊಂಡಿರೋದು ಅವಳೇ” ಅಂದರು. ಹೌದು, ಮೊದಲ ಮೆಟ್ಟಿಲು ನೀನು ಬೆನ್ನು ತಿರುಗಿಸಿ ಹೇಳುವುದು, ಆಮೇಲಿನದು ಅರ್ಧ ಮಾತು. ನಿನ್ನೆ ಮಾತೇ ಇಲ್ಲ.

ಬಾಗಿಲು ಮುಚ್ಚಿತು. ಹೆದರಿಕೆ ಎಷ್ಟಿದೆಯೆಂದು ಕೈಯೆತ್ತಿ ತೋರಿಸಬೇಕಲ್ಲ, ತಲೆಯ ಮೇಲಕ್ಕೆತ್ತಿದಳು. ಸಾಲಲಿಲ್ಲ. ಸ್ಟೂಲು ಎಳೆದು ಹತ್ತಿದಳು.

“ಅಜ್ಜಿ, ಅಮ್ಮನಿಗೆ ಏನೂ ಆಗಲ್ಲ ಅಲ್ವಾ?”

ಮಗಳೇ, ಎದುರಿನವರು ಮಾತು ಮರೆತರೆ ಅವರದ್ದನ್ನೂ ಸೇರಿಸಿ ಆಡಿ ನಾಟಕ ದಡ ಮುಟ್ಟಿಸಿದವಳು ನಾನು. ರಂಗದ ಮೇಲೆ ಮೌನ ಬಿದ್ದರೆ ನನಗೆ ಜೀವ ಹೋದಂತಾಗುತ್ತದೆ. “ಏನೂ ಆಗಲ್ಲ ಕಂದ” ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಡಾಕ್ಟರಮ್ಮ ಕಲಿಸಿದ್ದನ್ನು ಹೇಳಿದೆ. ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ಗಂಟಲಿನಿಂದ ಇಲಿಮರಿಯ ಸದ್ದು ಬಂತು.

“ಏನಂದೆ? ಕೇಳಿಸ್ಲಿಲ್ಲ.”

“ಗೊತ್ತಿಲ್ಲ ಅಂದೆ ಕಣೇ.”

“ನಿಂಗೂ ಭಯ ಆಗ್ತಿದ್ಯಾ?”

“ಆಗ್ತಿದೆ. ಅವಳು ನನ್ನ ಮಗಳಲ್ವೇನೇ?”

“ಹಾಗಾದ್ರೆ ನೀನೂ ಸ್ಟೂಲ್ ಹತ್ತು.”

“ಈ ಮಂಡಿ ಹತ್ತಲ್ಲಮ್ಮ. ಇಲ್ಲಿಂದ್ಲೇ ಎತ್ತುತ್ತೀನಿ.”

ಇಬ್ಬರೂ ಕೈ ಮೇಲೆತ್ತಿ ನಿಂತೆವು. ಆಗ ಯಾರಾದರೂ ಬಂದಿದ್ದರೆ ಪಿಸ್ತೂಲು ಹಿಡಿದ ಕಳ್ಳನನ್ನು ಮನೆಯೆಲ್ಲ ಹುಡುಕುತ್ತಿದ್ದರು. ಅವಳು ಅತ್ತಳು, ಒಂದೇ ಒಂದ್ಸಲ ಫೋನ್ ಮಾಡೋಣ ಎಂದು ಗೋಗರೆದಳು. ನನ್ನ ಸೆರಗಿನಲ್ಲೇ ಮೂಗು ಒರೆಸಿಕೊಂಡಳು. ನಾನು ಕಲ್ಲಾಗಲಿಲ್ಲ, ಬೆನ್ನು ಸವರುತ್ತಾ ಪಕ್ಕದಲ್ಲಿದ್ದೆ. ಧೈರ್ಯದ ಮಾತೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕೊಟ್ಟೆ. ಯಾವಾಗಲೋ ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಅದು ಸೊಂಟದ ಹತ್ತಿರ ಇತ್ತು.

“ಅಜ್ಜಿ, ನಾನು ಇಳಿಸ್ಲಿಲ್ಲ. ಅದೇ ಇಳೀತು.” ಆಮೇಲೆ, “ಹಸಿವು.”

ವಾಸಿಯಾಯಿತೆಂದು ಡಂಗುರ ಹೊಡೆಯುತ್ತಿಲ್ಲ. ಇವತ್ತು ಬೆಳಗ್ಗೆ ಎದ್ದಾಗ ಮತ್ತೆ ಕೈ ತಲೆಯವರೆಗೆ ಏರಿತ್ತು, ಹಲ್ಲುಜ್ಜುವಷ್ಟರಲ್ಲಿ ಇಳಿಯಿತು. ಆದರೂ ಆಫೀಸಿನ ಕುರ್ಚಿಯ ಮಾತನ್ನು ಸದ್ಯಕ್ಕೆ ಎತ್ತಬೇಡ.

ಇನ್ನೊಂದನ್ನು ಅಂಗೈ ಅಡ್ಡ ಹಿಡಿದು ಬರೆಯುತ್ತಿದ್ದೇನೆ, ಅವಳಿಗೆ ಕಾಣಬಾರದು. ಬೀದಿಯ ತಿರುವಿನಲ್ಲಿ ನೀನು ಬೂಟಿನ ಲೇಸು ಕಟ್ಟುವ ನೆಪದಲ್ಲಿ ಕುಕ್ಕರಿಸಿ, ಎಷ್ಟು ಹೊತ್ತಾದರೂ ಏಳದೆ ಇದ್ದದ್ದನ್ನು ಕಿಟಕಿಯಿಂದ ಕಂಡೆ. ಆಮೇಲೆ ಎದ್ದೆ, ತಿರುಗಿ ನೋಡದೆ ನಡೆದೆ. ಎಷ್ಟೋ ರಾಣಿಯರ ಪಾತ್ರ ಮಾಡಿದ್ದೇನೆ, ಅಂಥ ನಿರ್ಗಮನ ನನ್ನಿಂದ ಒಂದು ದಿನವೂ ಆಗಲಿಲ್ಲ. ನೀನು ಹಾಗೆ ಹೋದದ್ದಕ್ಕೇ ಇಲ್ಲಿ ಒಂದು ಕೈ ಕೆಳಗಿಳಿಯಿತು. ನಿನ್ನ ಋಣ ನನ್ನ ಮೇಲಿದೆ, ತಾಯಿ.

ನಿನ್ನ,
ದೊಡ್ಡ ಗಂಟಲಿನ ಅಮ್ಮ

ತಾ.ಕ.: ಇವತ್ತಿನ ಹೋಮ್‌ವರ್ಕಿನಲ್ಲಿ ಇನ್ನೊಂದು ಪಾಠವಿದೆ. ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಮಾತನ್ನು ಬರೆದು, ಅಳಿಸದೆ, ನಿನಗೆ ಕಳಿಸಬೇಕು. ಅವಳು ಹೇಳಿದಳು, ನಾನು ಬರೆಯಹೊರಟೆ. ನನ್ನ ಕೈಲಾಗಲಿಲ್ಲ. “ನೀನಿನ್ನೂ ಕೆಳಗಿನ ಮೆಟ್ಟಿಲಲ್ಲೇ ಇದೀಯ ಅಜ್ಜಿ, ಕೊಡಿಲ್ಲಿ” ಅಂದಳು. ಕೆಳಗಿರುವುದು ಅವಳ ಅಕ್ಷರ.

ಅಮ್ಮ, ನೀನು ವಾಪಸ್ ಬರದೇ ಇರಬಹುದು. ಬರೆದಾಯ್ತು. ನಾನು ಆಡೋಕೆ ಹೋಗ್ತಿದೀನಿ.