ಮೊದಲು ಕೊನೆ ಇಲ್ಲದ ಕಣಗಳು

ಪ್ರೀತಿಯ ಅಕ್ಕ,

ಕುರ್ಲಾದ ಆಸ್ಪತ್ರೆಯ ನಿನ್ನ ಲ್ಯಾಬಿನಲ್ಲಿ ನೀನು ಮೊದಲ ಸಲ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದ್ದು ನೆನಪಾಗುತ್ತಿದೆ. ಗಾಜಿನ ಮೇಲೆ ಸವರಿದ ಒಂದು ಹನಿ ರಕ್ತ. ಅದರೊಳಗೆ ನೇರಳೆ ಬಣ್ಣ ಹಿಡಿದ ಕಣಗಳು, ಲೋಕಲ್ ರೈಲು ಬಂದು ನಿಂತಾಗಿನ ಪ್ಲಾಟ್‌ಫಾರ್ಮಿನ ಜನರ ಹಾಗೆ ಚೆಲ್ಲಾಪಿಲ್ಲಿ. ಎಲ್ಲಿಂದ ನೋಡಲಿ ಅಂತ ಕೇಳಿದ್ದೆ. "ಎಲ್ಲಿಂದಾದರೂ ನೋಡು ಮಾರಾಯ್ತಿ, ಇದರಲ್ಲಿ ಮೊದಲು ಕೊನೆ ಅಂತ ಇಲ್ಲ. ಎಲ್ಲ ನೋಡಿ ಆದ ಮೇಲೆ ಏನು ಅನ್ನಿಸ್ತದೋ ಅದೇ ಉತ್ತರ" ಅಂದಿದ್ದೆ ನೀನು.

ಮಲಾಡಿನ ಮನೆಯ ಆ ಭಾನುವಾರವೂ ಹಾಗೇ ಕಣ್ಣ ಮುಂದಿದೆ. ಅಮ್ಮ ನೀರುದೋಸೆ ಹೊಯ್ಯುತ್ತಿದ್ದಳು. ರಕ್ತದ ಕಣಗಳ ಫೋಟೋ ನೋಡಿ ರೋಗ ಗುರುತಿಸಲೆಂದು ಪವಾಯಿಯ ಆಫೀಸಿನಲ್ಲಿ ನಾನು ಕಟ್ಟುತ್ತಿದ್ದ ಕಂಪ್ಯೂಟರ್ ಮಾಡೆಲ್ ನನ್ನನ್ನು ಸತಾಯಿಸುತ್ತಿತ್ತು. ಬಿಡುವಿನಲ್ಲಿ ನೀನು ಕೂತು ರೋಗ ಇದೆ, ಇಲ್ಲ ಎಂದು ಗುರುತು ಹಾಕಿಕೊಟ್ಟ ಸ್ಲೈಡುಗಳಿಂದಲೇ ಅದು ಕಲಿಯುತ್ತಿದ್ದದ್ದು. ಆದರೆ ಕಣಗಳನ್ನು ವಾಕ್ಯದ ಪದಗಳಂತೆ ಒಂದರ ಹಿಂದೆ ಒಂದು ಓದುತ್ತಿತ್ತು. ಅದೇ ರಕ್ತ, ಅದೇ ಕಣಗಳು. ಕಣಗಳ ಫೋಟೋಗಳನ್ನು ಹಿಂದುಮುಂದು ಮಾಡಿದರೆ ಸಾಕು, ರೋಗ ಇದೆ ಅಂದದ್ದು ಇಲ್ಲ ಅನ್ನುತ್ತಿತ್ತು. ನೀನು ನಕ್ಕುಬಿಟ್ಟೆ. ಅವನ್ನು ಕ್ಯೂ ನಿಲ್ಲಿಸಿದವರು ಯಾರು ಅಂತ ಕೇಳಿದೆ. ನಾನೇ, ಮತ್ಯಾರು?

ಮರುದಿನ ಎಲ್ಲ ಕಳಚಿ ಹೊಸದಾಗಿ ಹಿಡಿದೆ. ಕ್ರಮವಿಲ್ಲದ ಗುಂಪನ್ನು ಗುಂಪಾಗಿಯೇ ತೆಗೆದುಕೊಳ್ಳುವ ಮಾಡೆಲ್‌ಗಳಿವೆ. ಪ್ರತಿ ಕಣವನ್ನೂ ಬೇರೆಬೇರೆ ನೋಡಿ, ಕಂಡದ್ದನ್ನು ಅಂಕಿಗಳಾಗಿ ಮಾಡಿ, ಅವನ್ನೆಲ್ಲ ಕೂಡಿ ಸರಾಸರಿ ತೆಗೆದು, ಆಮೇಲೆ ತೀರ್ಮಾನ. ಕೂಡುವಾಗ ಯಾವುದು ಮೊದಲು ಬಂದರೇನು? ಆದರೆ ಫೋನಿನಲ್ಲಿ ನಿನ್ನ ಪ್ರಶ್ನೆ ತಯಾರಿತ್ತು: "ಅಷ್ಟು ಒಳ್ಳೆ ಕಣಗಳ ಮಧ್ಯೆ ಒಂದೆರಡು ಕೆಟ್ಟದ್ದು ಇದ್ರೆ? ಸರಾಸರಿಯಲ್ಲಿ ಮುಳುಗಿ ಹೋಗುದಿಲ್ವಾ?" ಮುಳುಗಿಯೇ ಹೋಗುತ್ತಿತ್ತು. ಹಾಗಾಗಿ ಯಾವ ಕಣಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನೂ ಅದೇ ಕಲಿಯುವಂತೆ ಮಾಡಲು ಹೊರಟೆ. ಮುಗಿಸುವಷ್ಟರಲ್ಲಿ ನೀನು... ನಿನ್ನನ್ನು ಕೊಂಡೊಯ್ದ ಆ ಜ್ವರ ಯಾರಿಗೂ ಪುರುಸೊತ್ತು ಕೊಡಲಿಲ್ಲ.

ಮಾಡೆಲ್ ಮೊದಲ ಸಲ ಸರಿಯಾಗಿ ಓಡಿದ ಮಧ್ಯಾಹ್ನ ಒಂದೇ ಸ್ಲೈಡಿನ ಫೋಟೋಗಳನ್ನು ಕಲಸಿ ಕಲಸಿ ಕೊಟ್ಟೆ. ಉತ್ತರ ಕದಲಲಿಲ್ಲ. ಲೆಕ್ಕದ ಪ್ರಕಾರ ಕದಲಬಾರದು ಅಂತ ಗೊತ್ತಿತ್ತು. ಗೊತ್ತಿದ್ದೂ ಮೈ ಜುಮ್ಮೆಂದಿತು. ಯಾರಿಗಾದರೂ ಹೇಳಬೇಕೆಂದು ಫೋನ್ ಕೈಗೆತ್ತಿಕೊಂಡು ನಿನ್ನ ಹೆಸರು ಹುಡುಕಿ...

ನಿನ್ನ ಕೈಕೆಳಗೆ ಕಲಿತ ಡಾಕ್ಟರ್ ಸ್ನೇಹಾ ಅದನ್ನು ನಿನ್ನ ಲ್ಯಾಬಿನಲ್ಲೇ ಪರೀಕ್ಷೆಗೆ ಇಟ್ಟುಕೊಂಡಳು. ಮಹಾದೇವಿ ಬಂದದ್ದು ಆಗ. ಕಲಬುರಗಿ ಕಡೆಯವರು, ಬಿಲ್ಡಿಂಗ್ ಕೆಲಸಕ್ಕೆ ಹೋಗುವವರು. ಸುಸ್ತು ಅಂತ ರಕ್ತ ಕೊಟ್ಟಿದ್ದರು. ಸ್ನೇಹಾಳ ಕಣ್ಣಿಗೆ ರಕ್ತಹೀನತೆ ಬಿಟ್ಟು ಬೇರೇನೂ ಕಾಣಲಿಲ್ಲ. ಮಾಡೆಲ್ ಮಾತ್ರ ರೋಗ ಇದೆ ಅಂದಿತು. ಯಾವುದಕ್ಕೆ ತೂಕ ಕೊಟ್ಟಿದೆ ಎಂದು ತೆರೆದು ನೋಡಿದೆವು. ಸ್ಲೈಡಿನ ಅಂಚಿನಲ್ಲಿ ದೂರದೂರ ಬಿದ್ದಿದ್ದ ಮೂರು ಕಣಗಳು. ಉಳಿದ ಅಷ್ಟನ್ನೂ ಬಿಟ್ಟು, ಅವೇ! ಸ್ನೇಹಾ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಆ ಮೂರನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಮೆಲ್ಲಗೆ, ರಕ್ತದ ಕ್ಯಾನ್ಸರ್ ಶುರುವಾಗಿದೆ ಅಂದಳು. ಎಲುಬಿನ ಮಜ್ಜೆಯ ಪರೀಕ್ಷೆಯೂ ಅದನ್ನೇ ಹೇಳಿತು. ನಾನೇ ಕಟ್ಟಿದ್ದು ಅಕ್ಕ, ಆದರೂ ಆ ಪರದೆಯ ಮುಂದೆ ನನಗೆ ಕೈಮುಗಿಯುವ ಹಾಗಾಯಿತು.

ಚಿಕಿತ್ಸೆ ನಡೆಯುವಾಗ ಒಮ್ಮೆ ಮಹಾದೇವಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು. "ಅಷ್ಟರಾಗ ಆ ಮೂರ ಹೆಂಗ ಕಂಡ್ವುರೀ ಅದಕ್ಕ? ಯಾರ ಕಲಿಸ್ಯಾರ?" ನಮ್ಮಕ್ಕ ಅಂದೆ. ಅಕ್ಕಾರನ್ನ ಒಮ್ಮೆ ನೋಡಬೇಕು ಅಂದರು. ನಿನ್ನ ಫೋಟೋ ತೋರಿಸಿದೆ.

ಈ ವಾರ ಅವರ ಹೊಸ ಸ್ಲೈಡ್ ಬಂತು. ಮಾಡೆಲ್ ಎಲ್ಲ ಕಣಗಳಿಗೂ ಹೆಚ್ಚುಕಡಿಮೆ ಒಂದೇ ತೂಕ ಕೊಟ್ಟಿತ್ತು. ಬೇರೆ ಎತ್ತಿ ತೋರಿಸುವಂಥದ್ದು ಒಂದೂ ಇರಲಿಲ್ಲ. ಮಜ್ಜೆಯಲ್ಲೂ ರೋಗವಿಲ್ಲ. ಸ್ನೇಹಾ ಅದನ್ನು ಹೇಳಿದಾಗ ಮಹಾದೇವಿ ಸೆರಗು ಸರಿಮಾಡಿಕೊಂಡು ಎದ್ದರು. ಆಮೇಲೆ, ಹಸಿವಾಗಿದೆ ಅಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಆ ಮಾತು ಬಂದದ್ದು. ಮೂವರೂ ಗೇಟಿನಾಚೆ ಹೋಗಿ ನಿಂತುಕೊಂಡೇ ವಡಾಪಾವ್ ತಿಂದೆವು. ಅವರು ಇನ್ನೊಂದು ಕೇಳಿ ತೆಗೆದುಕೊಂಡರು.

ನಿನ್ನ ತಂಗಿ