ರೈಸ್ ಕುಕ್ಕರ್ ಮೇಲಿನ ನಿಂಬೆಹಣ್ಣು

ಸೆಪ್ಟೆಂಬರ್ 19, ಶುಕ್ರವಾರ

ಮೋಟರ್ ಹಾಕಿ ಮರೆತೆ. ಟ್ಯಾಂಕ್ ತುಂಬಿ ಸುರೀತಿತ್ತು. ಮೇಲಿನ ಮನೆ ಯೂಕೊ ಓಡಿ ಬಂದು ಆಫ್ ಮಾಡಿದ್ಳು. ಹಾಗೇ ನಿಂತ್ಕೊಂಡು ಹೇಳಿದ್ಳು — ಬುಧವಾರ ಜಪಾನ್‌ಗೆ ವಾಪಸ್. ವಸಂತನರಸಾಪುರದ ಫ್ಯಾಕ್ಟರೀಲಿ ಗಂಡನ ಕೆಲಸ ಮುಗೀತಂತೆ. ಎರಡು ವರ್ಷ ಬಾಡಿಗೆಗಿದ್ದೋಳು. ಕನ್ನಡ ಅಕ್ಷರ ನಾನೇ ಕಲಿಸಿದ್ದು. ರಿಟೈರಾದ ಟೀಚರ್‌ಗೆ ಸಿಕ್ಕ ಕೊನೇ ಸ್ಟೂಡೆಂಟ್. ಉಳಿದ ಸಾಮಾನೆಲ್ಲ ಬೀದಿಯೋರಿಗೆ ಕೊಡ್ತಾಳಂತೆ. "ಕೊಡಮ್ಮ, ಒಳ್ಳೇದು" ಅಂದೆ.

ಸೆ. 21, ಭಾನುವಾರ, ಸಂಜೆ

ಹೇಗೆ ಕೊಡ್ತೀಯ ಅಂತ ಕೇಳ್ಬೇಕಿತ್ತು! ಗುಬ್ಬೀಲಿ ಅಣ್ಣನ ಮನೆ ಎಡೆ ಮುಗಿಸ್ಕೊಂಡು ಬಂದ್ರೆ — ಅಯ್ಯೋ ಶಿವನೇ! ಮೂರು ದಾರಿ ಸೇರೋ ಕಡೆ, ನಮ್ಮ ಗೇಟ್ ಮುಂದೆ, ಸಾಲಾಗಿ ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಬಕೆಟ್, ರಜಾಯಿ. "ದಯವಿಟ್ಟು ತಗೊಳ್ಳಿ" ಅಂತ ಚೀಟಿ. ಫ್ರಿಜ್‌ನಲ್ಲಿ ಮಿಕ್ಕಿದ್ದ ನಿಂಬೆಹಣ್ಣು ವೇಸ್ಟ್ ಆಗ್ಬಾರ್ದು ಅಂತ ಒಂದೊಂದರ ಮೇಲೆ ಒಂದೊಂದು ಇಟ್ಟವ್ಳೆ. ಅದೂ ಮಹಾಲಯ ಅಮಾವಾಸ್ಯೆ ದಿನ!

ಯಾರು ಮುಟ್ತಾರೆ? ಬೀದಿಯೋರೆಲ್ಲ ಆ ಕಡೆಯಿಂದ ಸುತ್ತು ಹಾಕ್ಕೊಂಡು ಓಡಾಡ್ತವ್ರೆ. ಎದುರುಮನೆ ನರಸಿಂಹಮ್ಮ ಬಾಗಿಲಿಗೆ ಎರಡು ಸಲ ಸಗಣಿ ನೀರು ಹಾಕಿದ್ಳಂತೆ.

ಯೂಕೊ ಬೆಳಿಗ್ಗೆಯಿಂದ ಬಾಲ್ಕನೀಲಿ ನಿಂತು ನೋಡಿದಾಳೆ. "ಅಮ್ಮ, ನನ್ನ ಸಾಮಾನು ಗಲೀಜಾ? ಇವ್ರಿಗೆ ನಾನು ಇಷ್ಟ ಇಲ್ವಾ?" ಮಾಟ ಅಂದ್ಕೊಂಡು ಹೆದರವ್ರೆ ಅಷ್ಟೆ, ಅಂತ ಬಿಡಿಸಿ ಹೇಳ್ದೆ. ತಲೆ ಆಡಿಸಿದ್ಳು. ನಂಬ್ಲಿಲ್ಲ. ಈ ಮಾತು ಮನಸ್ಸಲ್ಲಿಟ್ಕೊಂಡು ಅವ್ಳು ವಿಮಾನ ಹತ್ತಬಾರ್ದು. ಹತ್ತೋಕೆ ಬಿಡಲ್ಲ.

22, ಸೋಮವಾರ

ಸಾಮಾನೆಲ್ಲ ಗೇಟ್ ಒಳಗೆ ತಂದೆ. ಚೀಟಿ ಯೂಕೊ ಮೇಲಕ್ಕೆ ಎತ್ಕೊಂಡು ಹೋದ್ಳು. ಆ ನಿಂಬೆಹಣ್ಣನ್ನೇ ಕುಯ್ದೆ. ಆ ಕುಕ್ಕರ್‌ನಲ್ಲೇ ಅನ್ನ. ಚಿತ್ರಾನ್ನ ಕಲಸಿದೆ. ನಮ್ಮೆಜಮಾನ್ರು "ನಂಗಿವತ್ತು ಉಪವಾಸ" ಅಂದ್ರು — ಜನ್ಮದಲ್ಲಿ ಒಂದಿನ ಉಪವಾಸ ಮಾಡಿದ ಮನುಷ್ಯ ಅಲ್ಲ. ತಟ್ಟೆ ಹಿಡ್ಕೊಂಡು ಹೋಗಿ, ಯಾವ ನಿಂಬೆಹಣ್ಣು ಅಂತ ಹೇಳೇ, ನರಸಿಂಹಮ್ಮನ ಜಗಲಿ ಮೇಲೆ ಕೂತು ತಿಂದೆ.

"ಏನೇ ಹೊಂಬಾಳಮ್ಮ, ತಲೆಗಿಲೆ ಕೆಟ್ಟೈತಾ? ರಕ್ತ ಕಾರ್ಕೊಂಡ್ ಸಾಯ್ತೀಯ ಕಣೇ!"

"ನೆಟ್ಟಗಿದ್ರೆ ಏನ್ ಮಾಡ್ತೀಯ?"

"ಬುಧವಾರದವರ್ಗೂ ನೆಟ್ಟಗಿರು. ಆ ರಜಾಯಿ ನಾನೇ ಹೊದ್ಕೊತೀನಿ."

23, ಮಂಗಳವಾರ

ಬೆಳಗಿನ ಜಾವದಿಂದ ಹೊಟ್ಟೆ ಗುಡುಗುಡು. ಐದು ಸಲ ಆಯ್ತು... ನಿಂಬೆಹಣ್ಣಲ್ಲ, ಅಣ್ಣನ ಮನೆಯಿಂದ ತಂದು ನಿನ್ನೆ ರಾತ್ರಿ ತಿಂದ ಹಳೇ ವಡೆ. ಹೇಳಿದ್ರೆ ಯಾರು ನಂಬ್ತಾರೆ! ಒಳ್ಳೇ ಸೀರೆ ಉಟ್ಟೆ, ಹೂ ಮುಡಿದೆ, ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಸೊಪ್ಪು ಬಿಡಿಸ್ತಾ ಕೂತೆ. ನರಸಿಂಹಮ್ಮ ಹತ್ತು ಸಲ ಇಣುಕಿದ್ಳು. ಹತ್ತು ಸಲವೂ ನಕ್ಕೆ. ಒಳಗೆ ಓಡೋವಾಗೆಲ್ಲ "ಒಲೆ ಮೇಲೆ ಹಾಲಿದೆ" ಅಂದೆ. ದಿನಕ್ಕೆ ಎಷ್ಟು ಸಲ ಅಂತ ಹಾಲು ಕಾಯ್ಸೋದು?

24, ಬುಧವಾರ

ಮಧ್ಯಾಹ್ನ ಮೂರಕ್ಕೆ ನರಸಿಂಹಮ್ಮ ಬಂದ್ಳು. ನನ್ನ ಮುಖ ನೋಡಿ, "ಸೊರಗಿದೀಯ. ಆದ್ರೂ ಬದುಕಿದೀಯ ಬುಡು" ಅಂದು ರಜಾಯಿ ಹೆಗಲಿಗೆ ಹಾಕ್ಕೊಂಡ್ಳು. ಅವ್ಳ ಹಿಂದೆ ಬೀದಿಯೋರೆಲ್ಲ ಬಂದ್ರು. ಅರ್ಧ ಗಂಟೇಲಿ ಎಲ್ಲಾ ಖಾಲಿ. ಬರಿಗೈಲಿ ಯಾರೂ ಬರ್ಲಿಲ್ಲ — ತೆಂಗಿನಕಾಯಿ, ಬಳೆ, ಹುರಿಟ್ಟು. ಯೂಕೊಗೆ ಮಡಿಲು ಸಾಲ್ಲಿಲ್ಲ.

ಕಾರು ಹೊರಡ್ಬೇಕು, ನರಸಿಂಹಮ್ಮ ತಡೆದ್ಳು. ಸೆರಗಿನ ಗಂಟಿಂದ ನಿಂಬೆಹಣ್ಣು ತೆಗೆದು, ಯೂಕೊ ಮುಖಕ್ಕೆ ಮೂರು ಸಲ ನಿವಾಳಿಸಿ ಚಕ್ರದ ಕೆಳಗಿಟ್ಳು. "ನಮ್ ಹುಡುಗಿಗೆ ಯಾರ ಕಣ್ಣೂ ತಾಕ್ದಿರ್ಲಿ."

ಯೂಕೊ ನನ್ನ ಕಡೆ ತಿರುಗಿ, "ಅಮ್ಮ, ಇದು ತಗೊಳ್ಳಬಾರ್ದು... ಅಲ್ವಾ?" ಅಂದ್ಳು. ಅಳ್ತಾನೇ ನಗ್ತಿದ್ಳು. ನಾನೂ.

25, ಗುರುವಾರ

ಮೇಲಿನ ಮನೆ ಗುಡಿಸಿದೆ. ಆ ಚೀಟಿ ಸಿಕ್ತು. ಎಲ್ಲಾ ಅಕ್ಷರ ಸೊಟ್ಟ. ಕೊನೇ 'ಳ್ಳಿ' ಮಾತ್ರ ನೆಟ್ಟಗೆ ಬರ್ದವ್ಳೆ. ಹದಿನೈದು ದಿನ ತಿದ್ದಿಸಿದ್ದು ಅದನ್ನೇ. ಕಸದ ಬುಟ್ಟಿಗೆ ಹಾಕೋಣ ಅಂತ ಕೆಳಗೆ ತಂದೆ, ಆದ್ರೆ ಈ ಡೈರಿ ಪುಟದೊಳಗೇ ಇಟ್ಕೊಂಡೆ.