ಉಣ್ಣೆಯ ಬಿಜಿನೆಸ್

೮ ಜನವರಿ ೧೯೬೨, ಸೋಮವಾರ

ಮತ್ತೆ ಟೈ ಸಿಗಲಿಲ್ಲ. ಕಡೆಗೆ ನೋಡಿದರೆ ಹಿಟ್ಟಿನ ಡಬ್ಬಿಯ ಹಿಂದೆ. ಗುಡ್ಡನ ಬೂಟಿಗೆ ಪಾಲಿಶ್ ನಾನೇ ಹಚ್ಚಿದೆ. ಅವನು ನಿಂತು ತಪ್ಪು ತೆಗೆದ. ಒಂಬತ್ತು ವರ್ಷದ ಸಾಹೇಬ! ಊರ ಮಕ್ಕಳಿಗೆಲ್ಲ ಕನ್ನಡ ಸಾಲೆಯಲ್ಲಿ ಅ ಆ ಕಲಿಸುವವಳು ನಾನು. ಹೆತ್ತ ಮಗನನ್ನು ಮಾತ್ರ ಫೀ ಕಟ್ಟಿ ಇಂಗ್ಲಿಷ್ ಸಾಲೆಗೆ ಕಳಿಸುತ್ತೇನೆ. ಕೇಳಿದವರಿಗೆ "ಅವರಪ್ಪನ ಹಟ" ಎನ್ನುತ್ತೇನೆ. ಹಟ ನನ್ನದೇ.

ಇವರು ಗಿರಣಿಯಲ್ಲಿ ಟೈಮ್‌ಕೀಪರ್. ನಾವಿದ್ದ ಚಾಳದ ಸಾಲುಮನೆಗಳ ರಿಪೇರಿ ಮುಗಿಯುವ ತನಕ ಇರಿ ಎಂದು ಆಫೀಸರರ ಬಿಲ್ಡಿಂಗಿನಲ್ಲಿ ಮೇಲಿನ ಎರಡು ಖೋಲಿ ಕೊಟ್ಟಿದ್ದಾರೆ. ಕೆಳಗಿನ ಮನೆ ಸ್ಪಿನ್ನಿಂಗ್ ಮಾಸ್ತರ ಗುರುಲಿಂಗಪ್ಪನವರದು. ಅವರ ಮಗ ಶಿದ್ಲಿಂಗ, ನಮ್ಮ ಗುಡ್ಡ, ಒಂದೇ ಕ್ಲಾಸು. ಇವತ್ತು ಮೆಟ್ಟಿಲಲ್ಲಿ ಅವರ ಹೆಂಡತಿ ಇಂದ್ರವ್ವ ತಡೆದಳು.

"ನಿಮ್ಮ ಮಾವನೋರ್ದು ಅಂಕಲಗ್ಯಾಗ ಉಣ್ಣೀ ಬಿಜಿನೆಸ್ ಐತಂತಲ್ರಿ? ಶಿದ್ಲಿಂಗ ಹೇಳಿದ."

"ಹೌದ್ರಿ" ಎಂದೆ.

ಸುಳ್ಳೇನಲ್ಲ. ಉಣ್ಣೆ ಇನ್ನೂ ಕುರಿಯ ಮೈಮೇಲೇ ಇದೆ, ಅಷ್ಟೇ.

ಸಂಜೆ ಗುಡ್ಡನನ್ನು ಕೇಳಿದೆ. "ಮತ್ತೇನಂತ ಹೇಳ್ಲಿ?" ಅಂದ.

೧೨ ಜನವರಿ, ಶುಕ್ರವಾರ

ಇಪ್ಪತ್ತಕ್ಕೆ ಗುಡ್ಡನ ಸಾಲೆಯ ವಾರ್ಷಿಕ ಗ್ಯಾದರಿಂಗ್. ಫ್ಯಾನ್ಸಿ ಡ್ರೆಸ್ಸೂ ಇದೆ. ಗುಡ್ಡ ಪೈಲಟ್ ಆಗುತ್ತಾನಂತೆ. ಇವರು ಗಿರಣಿಯಿಂದ ರಟ್ಟು ತಂದು ರೆಕ್ಕೆ ಕತ್ತರಿಸಿದರು. ಒಂದು ಉದ್ದ, ಒಂದು ಗಿಡ್ಡ. ಅಪ್ಪ ಮಗ ಜಗಳಾಡಿ ಮಲಗಿದರು.

೧೬ ಜನವರಿ, ಮಂಗಳವಾರ

ಮಾವ ಬಂದಿದ್ದಾರೆ. ಇಲ್ಲೇ ಹತ್ತಿರದ ಕೊಣ್ಣೂರಿನ ಹೊಲದಲ್ಲಿ ಕುರಿ ಕೂಡಿಸಿ, ಹಿಂಡನ್ನು ತಮ್ಮ ಸಾತಪ್ಪನ ಕೈಗೆ ಬಿಟ್ಟು. ಒಂದು ರಾತ್ರಿ ಇದ್ದು ಹೋಗುವ ಲೆಕ್ಕ. ಅವರು ಮೆಟ್ಟಿಲು ಹತ್ತುವಾಗ ಯಾರೂ ಎದುರಾಗಲಿಲ್ಲ. ಬಗ್ಗಿ ನೋಡಿಯೇ ಮೇಲೆ ಕರೆದಿದ್ದೆ. ಅದೂ ಖರೆ.

ಸಂಜೆ ಇಂದ್ರವ್ವ ಬಾಗಿಲಿಗೆ ಬಂದಳು. ಮಾವ ಒಳಗಿನ ಖೋಲಿಯಲ್ಲಿದ್ದರು.

"ಟೀಚರು ಶಿದ್ಲಿಂಗಗ ಕುರುಬ ಆಗು ಅಂದಾರ್ರಿ. ಒಂದ್ ಕರೀಕಂಬಳಿ ಬೇಕಾಗಿತ್ತು. ನಿಮ್ಮ ಬಿಜಿನೆಸ್ಸಿಂದ ಯಾವ್ದರ ಹಳೇದಿದ್ರ ಕೊಡ್ರಲ್ಲಾ."

ಒಳಗೆ ಹೋದೆ. ಗ್ಯಾದರಿಂಗ್, ಕುರುಬನ ವೇಷ, ಕಂಬಳಿ ಬೇಕು... ಇಷ್ಟೇ ಹೇಳಿದೆ. ಮಾವನ ಮುಖ ಅರಳಿಬಿಟ್ಟಿತು.

"ನಮ್ಮ ಗುಡ್ಡ ಕುರುಬ ಆಗ್ತಾನೇನವಾ? ತೊಗೋ ತೊಗೋ! ಸಾತಪ್ಪ ನೋಡ್ಕೋತಾನ ಕುರಿ. ನಾ ಅದನ್ನ ನೋಡೇ ಹೋಗಾಂವ."

ಹೊದ್ದದ್ದನ್ನೇ ತೆಗೆದು ಕೊಟ್ಟರು.

ಅಲ್ಲ, ಬೇರೆ ಹುಡುಗನಿಗೆ ಎನ್ನಬೇಕಿತ್ತು. ಬಾಗಿಲಲ್ಲಿ ಇಂದ್ರವ್ವ ನಿಂತಿದ್ದಳು. ಕಂಬಳಿ ಒಯ್ದು ಅವಳ ಕೈಗೆ ಕೊಟ್ಟೆ. ಆಮೇಲೆ ಹೇಳಿದರಾಯಿತು.

೧೮ ಜನವರಿ

ಹೇಳಿಲ್ಲ. ರಟ್ಟಿನ ರೆಕ್ಕೆ ಮಂಚದ ಕೆಳಗೆ ಸರಿಸಿದೆ. ಮಾವ ಗುಡ್ಡನಿಗೆಂದು ಕೋಲು ಕೆತ್ತುತ್ತಿದ್ದಾರೆ. ಗುಡ್ಡ ನನ್ನ ಮುಖ ನೋಡಿದ. ನಾನು ಹಂಚಿನ ಮೇಲಿನ ರೊಟ್ಟಿ ನೋಡಿದೆ. ಇವರು "ನೀನೇ ಹಚ್ಚಿದ್ದಿ, ನೀನೇ ಬಿಡಿಸು" ಎಂದು ಗಿರಣಿ ಪಾಳಿಗೆ ಹೋದರು.

೨೧ ಜನವರಿ, ರವಿವಾರ, ಮುಂಜಾನೆ

ನಿನ್ನೆ ಆಯಿತು. ಇವರಿಗೆ ಪಾಳಿ. ನಾನೂ ಮಾವನೂ ಹಿಂದಿನ ಸಾಲಿನಲ್ಲಿ.

ಶಿದ್ಲಿಂಗ ಸ್ಟೇಜಿಗೆ ಬಂದ. ಕಂಬಳಿ ತಲೆಯಿಂದ ಇಳಿಬಿದ್ದು ಮುಖವೇ ಕಾಣುತ್ತಿರಲಿಲ್ಲ. ಮಾವ ಎದ್ದೇ ಬಿಟ್ಟರು. "ನನ್ನ ಮೊಮ್ಮಗಾರೀ ಅಂವ! ನನ್ನ ಕಂಬಳೀರೀ ಅದು!" ಬಾಜೂ ಕೂತವರಿಗೆ, ಹಿಂದೆ ನಿಂತವರಿಗೆ, ಎಲ್ಲರಿಗೂ. ಜನ ನಕ್ಕರು. ಮುಂದಿನ ಸಾಲಿನಿಂದ ಇಂದ್ರವ್ವ ತಿರುಗಿದಳು. ನೋಡಿದ್ದು ಮಾವನನ್ನಲ್ಲ, ನನ್ನನ್ನು. ಪರದೆಯ ಪಕ್ಕ ಗುಡ್ಡ ರೆಕ್ಕೆ ಕಟ್ಟಿಕೊಂಡು ನಿಂತಿದ್ದ. ಎಲ್ಲ ಕೇಳಿಸಿಕೊಂಡ.

ಮೊದಲ ಬಹುಮಾನ ಕುರುಬನಿಗೇ. ಕಪ್ ತೆಗೆದುಕೊಳ್ಳುವಾಗ ಶಿದ್ಲಿಂಗ ಕಂಬಳಿ ಹಿಂದಕ್ಕೆ ಸರಿಸಿದ. ಚಪ್ಪಾಳೆ ಹೊಡೆಯುತ್ತಿದ್ದ ಮಾವನ ಕೈ ನಿಂತಿತು. ಮತ್ತೆ ಹೊಡೆದರು, ಮೆಲ್ಲಗೆ.

ಮನೆಗೆ ಬರುವ ದಾರಿಯಲ್ಲಿ ಮಾವನದು ಒಂದೇ ಮಾತು: "ನಿನ್ನ ರಟ್ಟಿನ ಇಮಾನ ಚಲೋ ಇತ್ತೋ ಗುಡ್ಡಾ."

ಇವತ್ತು ನಸುಕಿಗೇ ಹೊರಟು ನಿಂತರು. ಹಲ್ಲು ಕಟಕಟ ಎನ್ನುವ ಥಂಡಿ. ಕಂಬಳಿ ಕೆಳಗಿನ ಮನೆಯಲ್ಲೇ ಇದೆ. ತಡೀರಿ, ತರ್ತೀನಿ ಎಂದೆ.

"ಇರ್ಲಿ ಬಿಡವಾ. ಯಾರ್ದಂತ ಹೇಳಿ ಕೇಳ್ತಿ? ಮತ್ತ ಹುಡುಗಗ ನಾಚಿಕಿ ಆಗತೈತಿ."

ಬರೀ ಅಂಗಿಯಲ್ಲಿ ಹೋದರು. ಬಯಲಲ್ಲಿ ಮಲಗುವ ಮನುಷ್ಯ. ಹುಡುಗನಿಗೇನು ನಾಚಿಕೆ, ಕಲಿಸಿದವಳು ನಾನು. ಥೂ ನನ್ನ ಜನ್ಮಕ್ಕೆ.

ಅದೇ ದಿನ, ಸಂಜೆ

ಮಧ್ಯಾಹ್ನದಿಂದ ಎಷ್ಟೋ ಸಲ ಮೆಟ್ಟಿಲ ತನಕ ಹೋದೆ, ವಾಪಸು ಬಂದೆ. ಏನಂತ ಕೇಳುವುದು? ಹಾಗಂತ ಬರೆಯುತ್ತಿರುವಾಗಲೇ ಗುಡ್ಡ ಬೂಟು ಹಾಕಿಕೊಂಡು ಇಳಿದು ಹೋದ. ಅವನಿಗೆ ಯಾರೂ ಹೇಳಿರಲಿಲ್ಲ. ಕೆಳಗಿನ ಮನೆಯ ಬಾಗಿಲು ಬಡಿದದ್ದು ಕೇಳಿಸಿತು.

"ಆಂಟಿ, ನಮ್ಮ ಮುತ್ಯಾನ ಕಂಬಳಿ ಕೊಡ್ರಿ."

"ನಾಳೆ ಒಗದು ಕೊಡ್ತೇನಲ್ಲೋ" — ಇಂದ್ರವ್ವ.

"ಬ್ಯಾಡ್ರಿ. ಅಂವಗ ರಾತ್ರಿ ಹೊದಿಯಾಕ ಬೇಕ್ರಿ. ಕುರಿ ಕಾಯ್ತಾನ್ರಿ ಅಂವ."

ಹೇಳಿಯೇ ಬಿಟ್ಟ. ರಿ ಹಚ್ಚಿ, ಮರ್ಯಾದೆಯಿಂದ.

ಮೇಲೆ ಬರಲಿಲ್ಲ. ಕಿಟಕಿಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಕಂಬಳಿ ಅವನ ಬಗಲಲ್ಲಿದೆ. ಕೊಣ್ಣೂರ ಹಾದಿಗೆ ಹೊರಟಿದ್ದಾನೆ. ಗೇಟು ದಾಟಬೇಕು. ಗೇಟಿನಲ್ಲಿ ಅವನ ಕ್ಲಾಸಿನವರು ಕ್ರಿಕೆಟ್ ಆಡುತ್ತಿದ್ದಾರೆ, ಶಿದ್ಲಿಂಗನೂ ಇದ್ದಾನೆ. ಆಟ ನಿಂತಿತು. ಯಾರೋ ಏನೋ ಕೂಗಿದರು. ಗುಡ್ಡ ನಿಂತ. ಕಂಬಳಿ ಬಿಚ್ಚಿ ತಲೆಗೆ ಹಾಕಿಕೊಂಡ, ಮುಖ ಕಾಣುವ ಹಾಗೆ. ಅವರಿಗೆ ಏನೋ ಹೇಳುತ್ತಿದ್ದಾನೆ... ಇಲ್ಲಿಗೆ ಕೇಳಿಸುತ್ತಿಲ್ಲ. ನಾನೂ ಇಳಿದು—